ಹನ್ನೊಂದು ಅಪಶ್ರುತಿಗಳು

ಅಮೆರಿಕದ ಬಫಲೋ ಊರಿನ ಪಿಯಾನೋಗಳ ಹೊಟ್ಟೆಯೊಳಗೆ ಏನೇನಿದೆ ಎಂದು ಲುಸಿಲ್ ಗ್ರಾಬೆಕ್‌ಗೆ ಗೊತ್ತಿತ್ತು. ಹಾಗಾಗಿಯೇ ಊರಿನ ಜನರ ಮೇಲೆ ಅವಳಿಗೆ ಅಂಥ ಗೌರವವೇನೂ ಇರಲಿಲ್ಲ. ಹೊರಗೆ ನೋಡಿದರೆ ಫಳಫಳ ಹೊಳೆಯುವ ಪಾಲಿಶ್, ಮೇಲೆ ಕಸೂತಿ ಬಟ್ಟೆ, ಅದರ ಮೇಲೆ ಮೊಮ್ಮಕ್ಕಳ ಫೋಟೋ. ಮುಚ್ಚಳ ಎತ್ತಿದರೆ ಇಲಿಯ ಗೂಡು, ಅಗಿದು ಅಂಟಿಸಿದ ಚೂಯಿಂಗ್ ಗಮ್, ಹಸಿರು ಬೂಷ್ಟು ಹಿಡಿದ ಬ್ರೆಡ್ಡಿನ ತುಂಡು. ಒಂದು ಸಲ ಒಬ್ಬ ಪಾದ್ರಿಯ ಮನೆಯ ಪಿಯಾನೋದಲ್ಲಿ ಯಾರದೋ ಕೃತಕ ದಂತಪಂಕ್ತಿ ಸಿಕ್ಕಿತ್ತು. ಅದನ್ನು ಕರವಸ್ತ್ರದಲ್ಲಿ ಹಿಡಿದು ಮೇಜಿನ ಮೇಲಿಟ್ಟಾಗ ಪಾದ್ರಿ, "ಓ, ಇಲ್ಲಿತ್ತಾ!" ಎಂದು ಸಂತೋಷಪಟ್ಟಿದ್ದರು. ಆ ದಿನ ಲುಸಿಲ್ ಮಧ್ಯಾಹ್ನದ ಊಟ ಮಾಡಲಿಲ್ಲ.

ಹದಿನೇಳನೆಯ ವಯಸ್ಸಿನಿಂದ ಅವಳದು ಇದೇ ಕೆಲಸ. ಪಿಯಾನೋ ಶ್ರುತಿ ಮಾಡುವುದು. ಅಪ್ಪ ಸ್ಟಾನ್ ಗ್ರಾಬೆಕ್ ಮಾಡುತ್ತಿದ್ದ ಕೆಲಸವೇ ಅದು. ಅವನಿಗೆ ಗಂಡುಮಕ್ಕಳಿರಲಿಲ್ಲ. ಇಬ್ಬರು ಹೆಣ್ಣುಮಕ್ಕಳಲ್ಲಿ ಕಿರಿಯಳಾದ ಥೆರೆಸಾಗೆ ಶ್ರುತಿ ಹಿಡಿಯುವ ಕಿವಿಯಿರಲಿಲ್ಲ, ಹಿರಿಯಳಿಗೆ ಬೇಡವೆಂದರೂ ಇತ್ತು. ಕಿವಿ ಇದ್ದವರ ಬಾಳು ಸುಖದ್ದಲ್ಲ. ಚರ್ಚಿನಲ್ಲಿ ಹಾಡುವವರು ಶ್ರುತಿ ಇಳಿಸಿದರೆ ಅವಳಿಗೆ ಪ್ರಾರ್ಥನೆ ಮರೆತುಹೋಗುತ್ತಿತ್ತು. ಮದುವೆಯಾಗುತ್ತೇನೆಂದು ಎರಡು ವರ್ಷ ಓಡಾಡಿದ ಒಬ್ಬ ಮನುಷ್ಯನನ್ನು, ಅವನು ಸದಾ ಸೀಟಿ ಹೊಡೆಯುತ್ತಾನೆ, ಅದೂ ಬೇಸುರಾಗಿ, ಎಂಬ ಕಾರಣಕ್ಕೆ ಬಿಟ್ಟಳೆಂದು ಥೆರೆಸಾ ಈಗಲೂ ಹೇಳುತ್ತಾಳೆ. ಲುಸಿಲ್ ಇಲ್ಲವೆನ್ನುವುದಿಲ್ಲ.

ಅಪ್ಪ ಕಲಿಸಿದ್ದರಲ್ಲಿ ಒಂದು ಪದ್ಧತಿಯಿತ್ತು. ಶ್ರುತಿ ಮಾಡಿ ಮುಗಿಸಿದ ಮೇಲೆ ಪಿಯಾನೋದ ಒಳಗೆ, ತಂತಿ ಬಿಗಿಯುವ ಬಿರಡೆಗಳ ಪಕ್ಕದ ಮರದ ಅಂಚಿನಲ್ಲಿ, ಪೆನ್ಸಿಲಿನಿಂದ ಹೆಸರು ಮತ್ತು ತಾರೀಕು ಬರೆಯುವುದು. ಆ ಕಸುಬಿನವರೆಲ್ಲ ಬರೆಯುತ್ತಾರೆ. ಆದರೆ ಸ್ಟಾನ್ ಗ್ರಾಬೆಕ್‌ಗೆ ಅದು ಹೆಚ್ಚುಕಡಿಮೆ ದೇವರೆದುರಿನ ಪ್ರಮಾಣ. ಒಂದು ತಂತಿ ಸರಿಯಿಲ್ಲದಿದ್ದರೂ ಹೆಸರು ಬರೆಯುವಂತಿರಲಿಲ್ಲ. ಲುಸಿಲ್‌ಗೆ ಹತ್ತೊಂಬತ್ತಾಗಿದ್ದಾಗ ಫಿಲ್‌ಮೋರ್ ರಸ್ತೆಯ ಒಂದು ಹೆಂಡದಂಗಡಿಯ ಪಿಯಾನೋ ಶ್ರುತಿ ಮಾಡಿ, ಎರಡು ಮನೆಗಳನ್ನು, ಅಂದರೆ ಬೆರಳಿನಿಂದ ಒತ್ತುವ ಎರಡು ಸ್ವರಗಳನ್ನು, ಹಾಗೇ ಬಿಟ್ಟು, ಹೆಸರು ಬರೆದು ಬಂದಿದ್ದಳು. ಅಪ್ಪ ಸಂಜೆ ಬಿಯರ್ ಕುಡಿಯಲು ಅಲ್ಲಿಗೇ ಹೋದ. ವಾಪಸ್ ಬಂದವನು ಕೋಟು ಬಿಚ್ಚಲಿಲ್ಲ.

"ಎದ್ದೇಳು. ಬಸ್ ಇದೆ ಇನ್ನೂ."

"ಅಪ್ಪಾ, ಮುಂದಿನ್ ವಾರ ತಿಪ್ಪೆಗೆ ಹಾಕ್ತಾರಂತೆ ಅದನ್ನ. ಅಂಗಡಿಯವ್ನೇ ಹೇಳ್ದ."

"ತಿಪ್ಪೆಗೆ ಹೋಗೋದಾದ್ರೂ ಶ್ರುತಿ ಸರಿ ಮಾಡ್ಕೊಂಡೇ ಹೋಗ್ಲಿ. ಒಳಗೆ ನಮ್ಮ ಹೆಸ್ರು ಬರ್ದಿದೀಯಲ್ಲೇ!"

ಹಿಮದಲ್ಲಿ ಎರಡು ಬಸ್ಸು ಬದಲಾಯಿಸಿ ಹೋಗಿ, ವಾಂತಿ ಮತ್ತು ಹುಳಿ ಬಿಯರ್ ವಾಸನೆಯ ನಡುವೆ ಕುಳಿತು, ಅವಳು ಆ ಎರಡು ಮನೆಗಳನ್ನು ಸರಿಮಾಡಿ ಬಂದಳು. ಅಪ್ಪ ತೀರಿಕೊಂಡು ಎಷ್ಟೋ ವರ್ಷಗಳಾದರೂ ಆ ವಾಸನೆ ಅವಳ ಮೂಗಿನಿಂದ ಹೋಗಿರಲಿಲ್ಲ.

ಲಿಂಡೆನ್ ಬೀದಿಯ ಸಂಗೀತ ಸಂಘದ ದೊಡ್ಡ ಕಪ್ಪು ಪಿಯಾನೋ ಮಾತ್ರ ಅವಳಿಗೆ ಅಸಹ್ಯ ಹುಟ್ಟಿಸದ ವಸ್ತು. ಇಪ್ಪತ್ತೆಂಟು ವರ್ಷದಿಂದ ಅದನ್ನು ನೋಡಿಕೊಳ್ಳುತ್ತಿದ್ದವಳು ಅವಳೊಬ್ಬಳೇ. ಒಳಗಿನ ಮರದಂಚಿನಲ್ಲಿ ಅವಳ ಹೆಸರು ಸಾಲುಸಾಲಾಗಿ, ಹಳೆಯವು ಮಾಸಿ, ಹೊಸವು ಕಪ್ಪಾಗಿ. ಬೇರೆ ಯಾರ ಕೈಬರಹವೂ ಅಲ್ಲಿರಲಿಲ್ಲ.

ಈ ಊರಿಗೆ ಹೊಸ ಸಂಗೀತದ ಗೀಳು ಹತ್ತಿದ್ದು ಅರವತ್ತರ ದಶಕದಲ್ಲಿ. ಎಲ್ಲೆಲ್ಲಿಂದಲೋ ಗಡ್ಡದವರು ಬಂದು ಸೇರಿಕೊಂಡರು. ತಂತಿಗಳ ನಡುವೆ ಬೋಲ್ಟು ತುರುಕುವವರು, ಪಿಂಗ್‌ಪಾಂಗ್ ಚೆಂಡು ಸುರಿಯುವವರು, ಪಿಯಾನೋದ ಅಡಿಗೆ ಮಲಗಿ ಒದೆಯುವವರು, ಎಲ್ಲರನ್ನೂ ಲುಸಿಲ್ ಕಂಡಿದ್ದಳು. ಅವರಿಗೆಂದೇ ಸಂಘದ ನೆಲಮಾಳಿಗೆಯಲ್ಲಿ ಒಂದು ಹಳೆಯ ಪಿಯಾನೋ ಇತ್ತು. ಅದನ್ನು ಅವಳು ಶ್ರುತಿ ಮಾಡುತ್ತಲೇ ಇರಲಿಲ್ಲ. "ಹಂದಿ ಹೊರಳೋ ಗುಂಡೀನ ಗುಡಿಸ್ತಾರಾ ಯಾರಾದ್ರೂ?" ಎನ್ನುತ್ತಿದ್ದಳು. ಆಮೇಲೆ ಹೊಸ ಸಂಗೀತಕ್ಕೆ ಜನ ಬರುವುದು ನಿಂತಿತು. ಆಗ ಈ ಮಹಾಶಯರು ಇನ್ನೊಂದು ಉಪಾಯ ಹೂಡಿದರು. ಹಳೆಯ ಕೃತಿಯೊಂದನ್ನು ನುಡಿಸಿ, ಜನ ಚಪ್ಪಾಳೆ ತಟ್ಟುವ ಮೊದಲೇ, ಕೈಯೆತ್ತದೆ, ಅದಕ್ಕೆ ಹೊಸದೊಂದನ್ನು ಅಂಟಿಸಿಬಿಡುವುದು. ಜೋಡಿ ಎಂದು ಅದಕ್ಕೆ ಹೆಸರು. ನಾಯಿಗೆ ಮಾತ್ರೆಯನ್ನು ಸಾಸೇಜಿನಲ್ಲಿ ಹುದುಗಿಸಿ ಕೊಡುವ ಹಾಗೆ.

೧೯೮೬ರ ಈಸ್ಟರ್‌ಗೆ ಮೂರು ವಾರವಿದ್ದಾಗ ಸಂಘದ ಕಾರ್ಯದರ್ಶಿ ಹೋವರ್ಡ್ ಪ್ರೆಂಟಿಸ್ ಒಂದು ಪತ್ರ ಹಿಡಿದುಕೊಂಡು ಲುಸಿಲ್‌ಳ ಮನೆಗೇ ಬಂದ. ನಿವೃತ್ತ ದಂತವೈದ್ಯ. ನೋವಾಗುವುದಿಲ್ಲ ಎಂದು ಹೇಳಿ ನೋಯಿಸುವುದು ಅವನಿಗೆ ರೂಢಿ.

"ಸಣ್ಣ ವಿಷ್ಯ ಲುಸಿಲ್. ವಿನಿಪೆಗ್‌ನಿಂದ ಒಬ್ರು ಬರ್ತಿದಾರೆ, ಮಾರ್ಗೋ ಡ್ಯೂಷಾರ್ಮ್ ಅಂತ. ಹೈಡನ್ ನುಡಿಸ್ತಾರೆ."

"ಒಳ್ಳೇದಾಯ್ತು. ಅದಕ್ಕೆ ನೀವು ಬೂಟ್ಸಲ್ಲಿ ಹಿಮ ತುಂಬ್ಕೊಂಡು ಯಾಕೆ ಬಂದ್ರಿ?"

"ಹೈಡನ್ ಜೊತೆಗೆ ಇನ್ನೊಂದಿದೆ. ಯಾರೋ ಡೆನ್ಮಾರ್ಕಿನವ್ರದ್ದು, ಹೆಲ್ಗೆ ಬ್ರುನ್ ಅಂತ. ಅದಕ್ಕೆ ಮೇಲಿನ ಹನ್ನೊಂದು ಮನೆಗಳನ್ನ ಸ್ವಲ್ಪ... ಇಳಿಸ್ಬೇಕಂತೆ."

"ಕೆಳಗಿರೋ ಹಳೇ ಪಿಯಾನೋದಲ್ಲಿ ಇಳಿಸ್ಕೊಳ್ಳಿ, ಮುರ್ಕೊಳ್ಳಿ."

"ಎರಡೂ ಒಂದೇ ಪಿಯಾನೋದಲ್ಲಿ ಆಗ್ಬೇಕಂತೆ. ನಡುವೆ ಬಿಡುವಿಲ್ಲ."

ಲುಸಿಲ್ ಪತ್ರ ಕಿತ್ತುಕೊಂಡು ಓದಿದಳು. ಮಾರ್ಗೋ ಟೈಪ್ ಮಾಡಿ ಕಳಿಸಿದ ಒಂದು ಹಾಳೆ. ಇನ್ನೂರು ವರ್ಷದ ಹಿಂದೆ ಹೈಡನ್‌ನ ಕಾಲದ ಪಿಯಾನೋ ಈಗಿನಷ್ಟು ಉದ್ದವಿರಲಿಲ್ಲ, ಅವನ ಕೈ ಒಂದು ಮನೆಯ ತನಕ ಹೋಗಿ ನಿಲ್ಲುತ್ತಿತ್ತು, ಬ್ರುನ್‌ನ ಕೃತಿ ಅಲ್ಲಿಂದಾಚೆಯ ಹನ್ನೊಂದು ಮನೆಗಳಲ್ಲೇ ಶುರುವಾಗುತ್ತದೆ, ಆದ್ದರಿಂದ ಇವನ್ನು ಇಳಿಸಿದರೂ ಹೈಡನ್‌ಗೆ ತೊಂದರೆಯಿಲ್ಲ ಎಂದು ಬರೆದಿತ್ತು. ಕೆಳಗೆ ಹನ್ನೊಂದು ಮನೆಗಳ ಪಟ್ಟಿ, ಒಂದೊಂದರ ಎದುರಿಗೂ ಒಂದೊಂದು ಅಂಕಿ: ಐದು, ನಾಲ್ಕು, ಏಳು, ಮೂರು...

ಆ ಅಂಕಿಗಳು ಏನೆಂದು ಲುಸಿಲ್‌ಗೆ ಯಾರೂ ಹೇಳಬೇಕಿರಲಿಲ್ಲ. ಮೇಲಿನ ಪ್ರತಿ ಮನೆಗೂ ಮೂರು ತಂತಿ. ಮೂರೂ ಸಮವಾಗಿದ್ದರೆ ನಾದ ಒಂದೇ, ನೀರಿನ ಹಾಗೆ ನಿಶ್ಚಲ. ಅದರಲ್ಲೊಂದು ಚೂರು ಇಳಿದರೆ ನಾದ ನಡುಗುತ್ತದೆ. ಸೆಕೆಂಡಿಗೆ ಎಷ್ಟು ಸಲ ನಡುಗುತ್ತದೆಂದು ಎಣಿಸಿ, ಆ ನಡುಕವನ್ನು ತೆಗೆಯುವುದೇ ಅವಳ ಕಸುಬು. ಮೂವತ್ತೈದು ವರ್ಷ ಊರಿನ ನಡುಕಗಳನ್ನೆಲ್ಲ ತೆಗೆದವಳಿಗೆ ಈಗ ಅಂಕಿ ಹಾಕಿ ನಡುಕ ತುಂಬು ಎಂದು ಬರೆದಿದ್ದರು.

"ನಾನು ಮಾಡಲ್ಲ," ಎಂದಳು.

"ಮಾಡ್ದೇ ಇದ್ರೆ ಪರವಾಗಿಲ್ಲ," ಎಂದ ಹೋವರ್ಡ್, ಟೋಪಿಯನ್ನು ತಿರುಗಿಸುತ್ತ. "ರೋಚೆಸ್ಟರ್‌ನಲ್ಲಿ ಒಬ್ಬ ಹುಡುಗ ಇದಾನೆ. ಅವ್ನ ಹತ್ರ ಮಷೀನ್ ಇದೆ, ಶ್ರುತಿ ಎಷ್ಟಿದೆ ಅಂತ ಮುಳ್ಳೇ ತೋರ್ಸುತ್ತೆ. ಸಂಘದವ್ರಿಗೂ ಅವ್ನ ಬಗ್ಗೆ ಒಳ್ಳೇ ಅಭಿಪ್ರಾಯ ಇದೆ. ಒಂದ್ಸಲ ಬಂದ್ರೆ... ಮುಂದಿನ ವರ್ಷದ್ದೂ ಅವನಿಗೇ ಕೊಟ್ಬಿಡೋಣ ಅಂತಿದಾರೆ."

ಹಲ್ಲು ಕಿತ್ತ ಹಾಗಾಯಿತು. ಆ ಮರದಂಚಿನಲ್ಲಿ ಬೇರೆಯವನ ಹೆಸರು! ಪತ್ರವನ್ನು ಮಡಚಿ ಏಪ್ರನ್ ಜೇಬಿಗೆ ಹಾಕಿಕೊಂಡು, ಅವನ ಬೂಟಿನ ಗುರುತನ್ನು ನೆಲದಿಂದ ಒರೆಸತೊಡಗಿದಳು. ಹೋವರ್ಡ್ ಅದನ್ನು ಒಪ್ಪಿಗೆಯೆಂದು ತಿಳಿದು ಹೊರಟ. ಅದು ಒಪ್ಪಿಗೆಯೇ ಆಗಿತ್ತು.

ಕಛೇರಿ ಇದ್ದದ್ದು ಭಾನುವಾರ ಮಧ್ಯಾಹ್ನ ನಾಲ್ಕಕ್ಕೆ. ಅದರ ಹಿಂದಿನ ಶುಕ್ರವಾರ, ಈಸ್ಟರ್‌ಗೆ ಮುಂಚಿನ ಉಪವಾಸದ ದಿನಗಳ ಎಲ್ಲ ಶುಕ್ರವಾರಗಳಂತೆ, ಅಕ್ಕತಂಗಿಯರು ಚರ್ಚಿನ ಕೆಳಗಿನ ಹಾಲ್‌ನಲ್ಲಿ ಕರಿದ ಮೀನು ತಿನ್ನಲು ಕುಳಿತಿದ್ದರು. ಲುಸಿಲ್ ಪತ್ರವನ್ನು ಮೀನಿನ ತಟ್ಟೆಯ ಪಕ್ಕ ಬಿಚ್ಚಿಟ್ಟಳು.

"ನೋಡು. ಹೊಲಸು ಮಾಡು, ಆದ್ರೆ ಅಳತೆ ಪ್ರಕಾರ ಮಾಡು ಅಂತಾಳೆ ಆ ವಿನಿಪೆಗ್‌ನವಳು."

ಥೆರೆಸಾ ಎಲೆಕೋಸಿನ ಕೋಸಂಬರಿಯನ್ನು ಬಾಯಿಗೆ ತುರುಕಿಕೊಂಡು ನಕ್ಕಳು. "ಕೆಡ್ಸೋಕೂ ಕೂಲಿ ಕೊಡ್ತಾರಲ್ಲೇ ಲೂ! ನನ್ ಗಂಡನ್ನೇ ನೋಡು, ರೇ ಇಪ್ಪತ್ತೆರಡು ವರ್ಷ ಕಾರ್ಖಾನೇಲಿ ಉಕ್ಕು ಸರಿಯಾಗಿ ಮಾಡ್ದ. ಏನಾಯ್ತು? ಗೇಟಿಗೆ ಬೀಗ ಹಾಕಿ ಮನೇಗ್ ಕಳ್ಸಿದ್ರು. ಎರಡು ತಿರುವು ತಿರುಗ್ಸಿ ಬಾ. ಯಾರಿಗ್ ಗೊತ್ತಾಗುತ್ತೆ?"

"ಯಾರಿಗೂ ಗೊತ್ತಾಗಲ್ಲ."

"ಮತ್ತೇನ್ ನಿಂದು? ಮೀನು ಆರ್ತಿದೆ, ತಿನ್ನು."

ಯಾರಿಗೂ ಗೊತ್ತಾಗುವುದಿಲ್ಲ. ಆ ಮಾತಿನಿಂದ ಲುಸಿಲ್‌ಳ ಮನಸ್ಸಿಗೆ ಸಮಾಧಾನವಾಯಿತು. ಆಗಬಾರದಿತ್ತು.

ಭಾನುವಾರ ಬೆಳಗಿನ ಪೂಜೆ ಮುಗಿಸಿ ಸಂಘಕ್ಕೆ ಹೋದವಳು ಎರಡೂವರೆ ಗಂಟೆ ಕುಳಿತು ಇಡೀ ಪಿಯಾನೋವನ್ನು ಶ್ರುತಿ ಮಾಡಿದಳು. ಹೈಡನ್‌ಗೆ ಬೇಕಾದ ಒಂದೊಂದು ಮನೆಯೂ ಗಾಜಿನ ಹಾಗೆ ನಿಂತಿತು. ಆಮೇಲೆ ಮೇಲಿನ ಹನ್ನೊಂದು. ಪಟ್ಟಿ ಚೀಲದಲ್ಲೇ ಇತ್ತು. ಅದನ್ನು ಅವಳು ತೆಗೆಯಲಿಲ್ಲ. ಕೊಳಕು ಚರಂಡಿಗೆ ಕೈಹಾಕುವವರ ಹಾಗೆ ಮುಖ ಆಚೆ ತಿರುಗಿಸಿಕೊಂಡು, ಬಿರಡೆ ತಿರುಗಿಸುವ ಹಿಡಿಕೆಯನ್ನು ಸಿಕ್ಕಿಸಿ, ಒಂದೊಂದನ್ನೂ ಅಂದಾಜಿಗೆ ಇಳಿಸುತ್ತ ಹೋದಳು. ಹತ್ತು ನಿಮಿಷದ ಕೆಲಸ. ಒಂದನ್ನೂ ಎಣಿಸಲಿಲ್ಲ. ಕೆಟ್ಟಿದ್ದು ಎಷ್ಟು ಕೆಟ್ಟರೇನು! ಮುಗಿಸಿ ಪೆನ್ಸಿಲಿಗೆ ಕೈಹಾಕಿ, ಮರದಂಚನ್ನು ನೋಡಿ, ಪೆನ್ಸಿಲನ್ನು ಹಾಗೇ ಚೀಲಕ್ಕೆ ಬಿಟ್ಟಳು. ಈ ಹೇಸಿಗೆಗೆ ಗ್ರಾಬೆಕ್ ಹೆಸರು ಬೇಡ.

ಮಾರ್ಗೋ ಡ್ಯೂಷಾರ್ಮ್ ಒಂದು ಗಂಟೆಗೆ ಬಂದಳು. ನಲವತ್ತರ ಆಸುಪಾಸಿನ ಎತ್ತರದ ಹೆಂಗಸು, ಗಂಡಸರ ಬೂಟು, ತಲೆಗೂದಲು ತಾನೇ ಕತ್ತರಿಸಿಕೊಂಡಂತಿತ್ತು. ಕೋಟಿನ ಜೇಬಿನಿಂದ ಬೇಯಿಸಿದ ಮೊಟ್ಟೆ ತೆಗೆದು, ವೇದಿಕೆಯ ಮೇಲೇ ಸುಲಿದು, ಸಿಪ್ಪೆಯನ್ನು ಮತ್ತೆ ಅದೇ ಜೇಬಿಗೆ ಹಾಕಿಕೊಂಡಳು. ಎರಡನೆಯ ಮೊಟ್ಟೆಯನ್ನು ಲುಸಿಲ್‌ಗೆ ಚಾಚಿದಳು. ಲುಸಿಲ್ ಬೇಡವೆಂದು ಮೂಗು ಸಿಂಡರಿಸಿ ಹಿಂದಿನ ಸಾಲಿಗೆ ಹೋಗಿ ಕುಳಿತಳು.

ಹೈಡನ್ ನುಡಿಸತೊಡಗಿದಾಗ ಲುಸಿಲ್‌ಗೆ ಸಿಟ್ಟು ಬಂತು. ಕೆಟ್ಟದಾಗಿ ನುಡಿಸುತ್ತಾಳೆಂದು ಅವಳು ಆಸೆಯಿಂದ ಕಾದಿದ್ದಳು. ಈ ಮೊಟ್ಟೆಬುರುಕಿ ಅದರ ನಿಧಾನಗತಿಯ ಭಾಗವನ್ನು ಎಷ್ಟು ಸರಳವಾಗಿ ನುಡಿಸಿದಳೆಂದರೆ, ಬೆಳಗ್ಗೆ ತಾನು ಮಾಡಿದ ಕೆಲಸವನ್ನು ಯಾರೋ ಒಂದೊಂದೇ ಮನೆಯಾಗಿ ಕೃತಜ್ಞತೆಯಿಂದ ಎಣಿಸಿ ತೆಗೆದುಕೊಳ್ಳುತ್ತಿರುವಂತೆ ಲುಸಿಲ್‌ಗೆ ಕೇಳಿಸಿತು. ಕೊನೆಯ ನಾದ ಇಳಿಯುವ ಮೊದಲೇ ಬಲಗೈ ಮೇಲಕ್ಕೆ ಹೋಗಿ ಬ್ರುನ್‌ನ ಮೊದಲ ಮನೆಯನ್ನು ಒತ್ತಿತು. ಒತ್ತಿ, ಅಲ್ಲಿಯೇ ನಿಂತಿತು.

ಮಾರ್ಗೋ ಮತ್ತೊಮ್ಮೆ ಒತ್ತಿದಳು. ಆಮೇಲೆ ಅದರ ಪಕ್ಕದ್ದು. ಹೀಗೆ ಹನ್ನೊಂದನ್ನೂ, ಅವಸರವಿಲ್ಲದೆ.

"ಮಿಸ್ ಗ್ರಾಬೆಕ್, ಒಂಚೂರು ಬರ್ತೀರಾ?"

ಲುಸಿಲ್ ಹೋಗಿ ನಿಂತಳು.

"ಇದು ಏಳು. ಐದಿರ್ಬೇಕಿತ್ತು. ಇದು ಹತ್ರತ್ರ ಒಂಬತ್ತು, ನಾಲ್ಕು ಕೇಳಿದ್ದೆ. ಇದು ಸರಿ ಇದೆ. ಆ ಕೊನೇದೂ ಸರಿ, ಅದೂ ಅದೃಷ್ಟಕ್ಕೆ ಅನ್ಸುತ್ತೆ. ಉಳಿದ ಒಂಬತ್ತೂ ಸುಳ್ಳು."

ಇವಳಿಗೆ ಕಿವಿಯಿತ್ತು! ಮೊಟ್ಟೆಯ ವಾಸನೆಯ ಈ ಹೆಂಗಸಿಗೆ! ಲುಸಿಲ್‌ಳ ಕುತ್ತಿಗೆ ಕೆಂಪಾಯಿತು.

"ಕೆಡ್ಸಿ ಅಂದ್ರಿ, ಕೆಡ್ಸಿದೀನಿ. ಅದರಲ್ಲಿ ಸರಿ ಯಾವ್ದು, ಸುಳ್ಳು ಯಾವ್ದು?"

ಮಾರ್ಗೋ ಅವಳನ್ನು ನೋಡಿದಳು. ದನಿಯೇರಿಸಲಿಲ್ಲ. "ಹೈಡನ್‌ಗೆ ಶ್ರುತಿ ಮಾಡಿದ್ದು ಯಾರು?"

"ನಾನು. ಇನ್ಯಾರು?"

"ಅಂಥಾ ಪಿಯಾನೋ ನಾನು ಈ ವರ್ಷ ಎಲ್ಲೂ ಮುಟ್ಟಿಲ್ಲ. ಹಾಗಾದ್ರೆ ಈ ಹನ್ನೊಂದನ್ನ ಮಾಡಿದ್ಯಾರು?"

ಮಾರ್ಗೋ ತಂತಿಗಳ ಮೇಲೆ ಬಗ್ಗಿ ಮರದಂಚಿನ ಸಾಲುಗಳನ್ನು ಬೆರಳಿನಿಂದ ತೋರಿಸಿದಳು. "ಇಲ್ಲಿ ಎಲ್ಲ ಸಲದ್ದೂ ಹೆಸ್ರಿದೆ. ಇವತ್ತಿಂದು ಮಾತ್ರ ಇಲ್ಲ. ನಿಮಗೂ ಗೊತ್ತಿತ್ತು."

ಇಷ್ಟು ಹೇಳಿ ಅವಳು ಎರಡನೆಯ ಮೊಟ್ಟೆ ಸುಲಿಯುತ್ತ ಒಳಗೆ ಹೋದಳು.

ಆ ಖಾಲಿ ಹಾಲ್‌ನಲ್ಲಿ ಲುಸಿಲ್‌ಗೆ ಬಂದ ವಾಕರಿಕೆ ಪಾದ್ರಿಯ ಮನೆಯಲ್ಲೂ ಬಂದಿರಲಿಲ್ಲ, ಹೆಂಡದಂಗಡಿಯಲ್ಲೂ ಬಂದಿರಲಿಲ್ಲ. ಅವೆಲ್ಲ ಬೇರೆಯವರ ಕೊಳಕು. ಇದು ತನ್ನದು. ಕಾಟಾಚಾರಕ್ಕೆ ಕೆಲಸ ಮಾಡಿದ್ದಳು. ಅದಕ್ಕಿಂತ ಅಸಹ್ಯ, ಕೇಳುವವರಿಗೆ ಕಿವಿಯಿಲ್ಲವೆಂದು ನಂಬಿಕೊಂಡು ಮಾಡಿದ್ದಳು. ಹೆಸರು ಬರೆಯದೆ ಬಿಟ್ಟರೆ ಕೈ ತೊಳೆದುಕೊಂಡ ಹಾಗೆ ಎಂದುಕೊಂಡಿದ್ದಳಲ್ಲ, ಥೂ!

ಚೀಲದಿಂದ ಪಟ್ಟಿ ತೆಗೆದಳು. ಮೀನಿನೆಣ್ಣೆಯ ಕಲೆ ಬಿದ್ದಿತ್ತು. ಮೊದಲ ಮನೆಯ ಎರಡು ತಂತಿಗಳನ್ನು ಬಿಟ್ಟು ಮೂರನೆಯದರ ಬಿರಡೆಗೆ ಹಿಡಿಕೆ ಸಿಕ್ಕಿಸಿ, ಕೈಗಡಿಯಾರ ಬಿಚ್ಚಿ ಎದುರಿಗಿಟ್ಟುಕೊಂಡು, ಒತ್ತಿ, ಕೇಳಿದಳು.

ನಡುಕ ತೆಗೆಯುವುದು ಸುಲಭ. ಅದು ನಿಂತಾಗ ನಿಂತಿತೆಂದು ಕಿವಿಗೆ ತಾನಾಗಿ ತಿಳಿಯುತ್ತದೆ. ಐದರಲ್ಲಿ ನಿಲ್ಲಿಸುವುದು ಹಾಗಲ್ಲ. ಮೇಲಿನ ತಂತಿಗಳು ಗಿಡ್ಡ, ನಾದ ಬಲುಬೇಗ ಸಾಯುತ್ತದೆ. ಅಷ್ಟರಲ್ಲಿ ಎಣಿಸಬೇಕು. ಸಿಕ್ಕಿತೆಂದು ಕೈ ತೆಗೆದರೆ ತಂತಿ ತನ್ನಷ್ಟಕ್ಕೆ ಜಾರಿ ಆರಾಗುತ್ತದೆ, ನಾಲ್ಕಾಗುತ್ತದೆ. ಬೆಳಗ್ಗೆ ಎರ್ರಾಬಿರ್ರಿ ಎಳೆದಾಡಿದ್ದ ತಂತಿಗಳು ಈಗ ಅವಳ ಮಾತು ಕೇಳುತ್ತಿರಲಿಲ್ಲ. ಇಷ್ಟು ಕಷ್ಟದ ಕೆಲಸವನ್ನು ಅವಳು ವರ್ಷಗಳಿಂದ ಮಾಡಿರಲಿಲ್ಲ. ಬ್ರುನ್ ಎಂಬ ಆ ಡೆನ್ಮಾರ್ಕಿನವನನ್ನು, ಅವನ ತಾಯಿಯನ್ನು, ಅವನಿಗೆ ಕಾಗದ ಮಾರಿದ ಅಂಗಡಿಯವನನ್ನು ಗೊಣಗುತ್ತ ಬೈದಳು. ಬೈಯುತ್ತಲೇ ಎಣಿಸಿದಳು.

ಮೂರೂವರೆಗೆ ಬಾಗಿಲು ತೆರೆದು ಜನ ಒಳಬರತೊಡಗಿದರು. ಹೋವರ್ಡ್ ವೇದಿಕೆಯ ಅಂಚಿಗೆ ಓಡಿಬಂದು ಪಿಸುಗುಟ್ಟಿದ:

"ಲುಸಿಲ್! ಜನ ಬಂದಾಯ್ತು!"

"ಕೂತ್ಕೊಳ್ಳಕ್ ಹೇಳಿ. ಇನ್ನೂ ಮೂರು ಕೆಡಿಸ್ಬೇಕು."

"ಆಗ್ಲೇ ಕೆಡ್ಸಿದ್ರಲ್ಲ?"

"ಅದು ಕೆಟ್ಟದಾಗಿ ಕೆಡ್ಸಿದ್ದೆ. ಹೋಗಿ, ಎಣಿಕೆ ತಪ್ಪುತ್ತೆ!"

ತುಪ್ಪಳದ ಕೋಟಿನ ಹೆಂಗಸರು, ಬಾಯಲ್ಲಿ ಪೆಪ್ಪರ್‌ಮಿಂಟು ಹೊರಳಿಸುವ ಮುದುಕರು, ಮುಂದಿನ ಸಾಲಿನ ಗಡ್ಡದವರು, ಎಲ್ಲರೂ ನೋಡುತ್ತಿರುವಾಗ ಲುಸಿಲ್ ಒಂದೇ ಮನೆಯನ್ನು ಟಿಣ್ ಟಿಣ್ ಎಂದು ನಲವತ್ತು ಸಲ ಒತ್ತಿದಳು. ಸಂಗೀತ ಶುರುವಾಯಿತೆಂದು ತಿಳಿದು ಒಬ್ಬ ಗಡ್ಡದವನು ಕಣ್ಣು ಮುಚ್ಚಿ ತಲೆಯಾಡಿಸಿದ. ಅವನ ಮುಖ ನೋಡಿ ಅವಳಿಗೆ ಮೈಯೆಲ್ಲ ಉರಿಯಿತು. ನಾಲ್ಕಕ್ಕೆ ಎರಡು ನಿಮಿಷವಿದ್ದಾಗ ಹನ್ನೊಂದನೆಯದು ತನ್ನ ಅಂಕಿಯಲ್ಲಿ ನಿಂತಿತು. ಚೀಲ ಎತ್ತಿಕೊಂಡು ಬಾಗಿಲ ಮರೆಯ ಕುರ್ಚಿಗೆ ಹೋಗಿ ಕುಳಿತಳು.

ಹೈಡನ್ ಮುಗಿಯುತ್ತ ಬಂತು. ಕೊನೆಯ ನಾದ ಇಳಿಯುತ್ತಿತ್ತು. ಅತಿ ಮೇಲಿನ ತಂತಿಗಳ ನಾದವನ್ನು ಅಡಗಿಸಲು ಪಿಯಾನೋದಲ್ಲಿ ಏನೂ ಇರುವುದಿಲ್ಲ. ಕೆಳಗೆ ಏನು ನುಡಿದರೂ ಅವು ಕೇಳಿಯೂ ಕೇಳದಂತೆ ಗುನುಗುತ್ತವೆ. ಅದು ಲುಸಿಲ್‌ಗೆ ಯಾವತ್ತೋ ಗೊತ್ತಿದ್ದ ಸಂಗತಿ. ಈಗ ಮಾರ್ಗೋಳ ಕೈ ಇನ್ನೂ ಕೆಳಗಿರುವಾಗಲೇ ಆ ಹನ್ನೊಂದು ಮನೆಗಳು ಯಾರೂ ಮುಟ್ಟದೆ ನಡುಗತೊಡಗಿದ್ದು ಅವಳಿಗೆ ಕೇಳಿಸಿತು. ಆಮೇಲೆ ಕೈ ಮೇಲಕ್ಕೆ ಹೋಯಿತು. ಮೊದಲ ಮನೆ. ಐದು. ಎರಡನೆಯದು. ನಾಲ್ಕು.

ಕೇಳಲು ಅದು ಹೊಲಸಾಗಿತ್ತು. ಹಲ್ಲಿನ ಮೇಲೆ ಉಗುರೆಳೆದ ಹಾಗೆ, ಜ್ವರದಲ್ಲಿ ಬಾಯಿ ಕಹಿಯಾದ ಹಾಗೆ. ತುಪ್ಪಳದ ಹೆಂಗಸೊಬ್ಬಳು ಎದ್ದು ಹೋದಳು. ಹೋವರ್ಡ್ ತಪ್ಪಾದ ಜಾಗದಲ್ಲಿ ಚಪ್ಪಾಳೆ ತಟ್ಟಿ, ನಾಚಿ, ಕೈಗಳನ್ನು ತೊಡೆಯಡಿಗೆ ಬಚ್ಚಿಟ್ಟುಕೊಂಡ. ಲುಸಿಲ್ ಮಾತ್ರ ಎಣಿಸುತ್ತಿದ್ದಳು. ಹನ್ನೆರಡು ನಿಮಿಷ ಒಂದೂ ಜಾರಲಿಲ್ಲ.

ಅಂದಿನಿಂದ ಲುಸಿಲ್ ಗ್ರಾಬೆಕ್‌ಗೆ ಹೊಸ ಸಂಗೀತ ರುಚಿಸತೊಡಗಿತು ಎಂದು ಊರಿನಲ್ಲಿ ಯಾರಾದರೂ ಹೇಳಿದರೆ ನಂಬಬೇಡಿ, ಅದು ಹೋವರ್ಡ್ ಹಬ್ಬಿಸಿದ ಸುಳ್ಳು. ಆಮೇಲೆ ಒಂಬತ್ತು ವರ್ಷ ಆ ಪಿಯಾನೋ ಅವಳ ಕೈಯಲ್ಲೇ ಇತ್ತು, ಒಂಬತ್ತು ವರ್ಷವೂ ಜೋಡಿ ಕಛೇರಿಗಳಿಗೆ ಮೂಗು ಮುರಿದಳು. ಆದರೆ ಅಂಥವರ ಪಟ್ಟಿ ಬಂದರೆ ಕನ್ನಡಕ ಹಾಕಿಕೊಂಡು ಎರಡು ಸಲ ಓದುತ್ತಿದ್ದಳು.

ಆ ಭಾನುವಾರ ಹಾಲ್ ಖಾಲಿಯಾದ ಮೇಲೆ ಮಾರ್ಗೋ ಕೋಟು ಹಾಕಿಕೊಂಡು ಅವಳ ಹತ್ತಿರ ಬಂದಳು. ಜೇಬಿನಲ್ಲಿ ಸಿಪ್ಪೆ ಚರಚರ ಅಂದಿತು.

"ಹೇಗಿತ್ತು, ಮಿಸ್ ಗ್ರಾಬೆಕ್?"

"ಹೊಲಸಾಗಿತ್ತು."

"ಎಷ್ಟು?"

"ಎಷ್ಟಿರ್ಬೇಕಿತ್ತೋ ಅಷ್ಟೇ."

ಮಾರ್ಗೋ ನಗಲಿಲ್ಲ. ಸರಿ ಎಂಬಂತೆ ತಲೆಯಾಡಿಸಿ ಹೊರಟುಹೋದಳು. ಲುಸಿಲ್ ಪಿಯಾನೋದ ಮೇಲೆ ಬಗ್ಗಿ, ಪೆನ್ಸಿಲನ್ನು ನಾಲಿಗೆಗೆ ತಾಗಿಸಿ, ಕಡೆಯ ಸಾಲಿನ ಕೆಳಗೆ ತನ್ನ ಹೆಸರು ಮತ್ತು ಅಂದಿನ ತಾರೀಕು ಬರೆದಳು. ಪಟ್ಟಿ ನೋಡಿಕೊಳ್ಳದೆಯೇ ಅದರ ಪಕ್ಕದಲ್ಲಿ ಹನ್ನೊಂದು ಅಂಕಿಗಳನ್ನೂ ಬರೆದಳು. ಆಮೇಲೆ ಹಿಡಿಕೆ ಎತ್ತಿಕೊಂಡು ಇಳಿಸಿದ್ದ ಮೊದಲನೆಯ ತಂತಿಯನ್ನು ಮತ್ತೆ ಸರಿಮಾಡತೊಡಗಿದಳು.